“ಕ್ರೈಸ್ತರಿಗೆ ಎಷ್ಟು ಕೋಟಿ?” ಎಂದು ಕೇಳಿದರೆ ಸಾಕೆ? - ರಾಜ್ಯದ ಬಜೆಟ್ ಮತ್ತು ನಮ್ಮ ಅನುದಾನಿತ ಶಾಲೆಗಳು

ಪ್ರತಿ ವರ್ಷ ರಾಜ್ಯದ ಬಜೆಟ್ ಮಂಡನೆಯಾದ ದಿನ ನಮ್ಮ ಸಂಘ-ಸಂಸ್ಥೆಗಳಲ್ಲಿ, ಇಗರ್ಜಿಯ ಅಂಗಳದಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಒಂದೇ: “ಈ ಸಲ ಕ್ರೈಸ್ತರಿಗೆ ಎಷ್ಟು ಕೋಟಿ?” 2025ರ ಮಾರ್ಚ್ 7ರಂದು ಹಣಕಾಸು ಖಾತೆಯನ್ನೂ ಹೊಂದಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮ್ಮ 16ನೇ ಬಜೆಟನ್ನು ಮಂಡಿಸಿದಾಗ ಈ ಪ್ರಶ್ನೆಗೆ ಸಿಕ್ಕಿದ ಉತ್ತರ 250 ಕೋಟಿ ರೂಪಾಯಿ. ಕೆಲವರು ಸ್ವಾಗತಿಸಿದರು, ಕೆಲವರು ಸಾಲದು ಎಂದರು. ಚರ್ಚೆ ಅಲ್ಲಿಗೇ ಮುಗಿಯಿತು.

ಈ ಪ್ರಶ್ನೆ ತಪ್ಪಲ್ಲ. ಆದರೆ 2025-26ನೇ ಸಾಲಿನ ಆ ಬಜೆಟಿನ ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಅದನ್ನು ನೂರು ರೂಪಾಯಿ ಎಂದು ಭಾವಿಸಿದರೆ ಕ್ರೈಸ್ತ ಸಮುದಾಯದ ಅಭಿವೃದ್ಧಿಗೆಂದು ಇಟ್ಟದ್ದು ಆರು ಪೈಸೆ. ಅದೇ ನೂರು ರೂಪಾಯಿಯಲ್ಲಿ ಶಿಕ್ಷಣಕ್ಕೆ ಸುಮಾರು ಹನ್ನೊಂದು ರೂಪಾಯಿ, ಅಂದರೆ 45,286 ಕೋಟಿ ಇದೆ. ನಮ್ಮ ಧರ್ಮಕೇಂದ್ರಗಳ ಅನುದಾನಿತ ಶಾಲೆಗಳ ಅಳಿವು-ಉಳಿವು ಅಡಗಿರುವುದು ಆ ಹನ್ನೊಂದು ರೂಪಾಯಿಯಲ್ಲಿ. ಆರು ಪೈಸೆಯ ಮೇಲೆ ಕಣ್ಣಿಟ್ಟು ಹನ್ನೊಂದು ರೂಪಾಯಿಯ ಲೆಕ್ಕ ಕೇಳದಿದ್ದರೆ ನಷ್ಟ ನಮ್ಮ ಮಕ್ಕಳಿಗೆ. ಆದ್ದರಿಂದ ಬಜೆಟನ್ನು ಓದುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಹಣ ಎಲ್ಲಿಂದ ಬರುತ್ತದೆ?

ಸಂವಿಧಾನದಲ್ಲಿ ‘ಬಜೆಟ್’ ಎಂಬ ಪದವಿಲ್ಲ. 202ನೇ ವಿಧಿ ಅದನ್ನು ‘ವಾರ್ಷಿಕ ಹಣಕಾಸು ತಖ್ತೆ’ ಎನ್ನುತ್ತದೆ. ಮನೆಯ ಖರ್ಚಿನ ಪುಸ್ತಕದಂತೆ ಅದರಲ್ಲಿಯೂ ಎರಡು ಬದಿಗಳಿವೆ: ಬರುವುದು ಮತ್ತು ಹೋಗುವುದು.

2025-26ರಲ್ಲಿ ರಾಜ್ಯವು ತನ್ನದೇ ತೆರಿಗೆಗಳಿಂದ ನಿರೀಕ್ಷಿಸಿದ್ದು 2,08,100 ಕೋಟಿ ರೂಪಾಯಿ. ಇದರಲ್ಲಿ ವಾಣಿಜ್ಯ ತೆರಿಗೆಗಳ ಪಾಲು 1,20,000 ಕೋಟಿ, ಅಬಕಾರಿಯದ್ದು 40,000 ಕೋಟಿ, ನೋಂದಣಿ ಮತ್ತು ಮುದ್ರಾಂಕ ಶುಲ್ಕ 28,000 ಕೋಟಿ, ವಾಹನ ತೆರಿಗೆ 15,000 ಕೋಟಿ. ಇವುಗಳ ಜೊತೆಗೆ ಕೇಂದ್ರದ ತೆರಿಗೆಗಳಲ್ಲಿ ರಾಜ್ಯದ ಪಾಲು ಬರುತ್ತದೆ. 15ನೇ ಹಣಕಾಸು ಆಯೋಗವು ಕರ್ನಾಟಕದ ಆ ಪಾಲನ್ನು ಶೇ. 4.713ರಿಂದ ಶೇ. 3.647ಕ್ಕೆ ಇಳಿಸಿತ್ತು. ದೆಹಲಿ ಮತ್ತು ಬೆಂಗಳೂರಿನ ನಡುವೆ ಆ ಬಗ್ಗೆ ನಡೆದ ಜಗಳ ಕೇವಲ ಪಕ್ಷ ರಾಜಕೀಯವಲ್ಲ; ಅದರ ಹಿಂದೆ ಈ ಲೆಕ್ಕವಿದೆ. ಇಷ್ಟಾದರೂ ಸಾಲದ್ದಕ್ಕೆ ಆ ವರ್ಷ 1,16,000 ಕೋಟಿ ಸಾಲ ಮಾಡುವುದಾಗಿ ಸರಕಾರ ಹೇಳಿತು.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದಾಗಿ, “ತೆರಿಗೆ ಕಟ್ಟುವವರು ನಾವು, ತಿನ್ನುವವರು ಬಡವರು” ಎಂಬ ಮಾತು ಸರಿಯಲ್ಲ. ಆದಾಯ ತೆರಿಗೆ ಕೇಂದ್ರ ಸರಕಾರದ್ದು. ರಾಜ್ಯದ ಬೊಕ್ಕಸ ತುಂಬುವುದು ಹೆಚ್ಚಾಗಿ ವಸ್ತುಗಳ ಮೇಲಿನ ತೆರಿಗೆಯಿಂದ. ಸೋಪು ಕೊಳ್ಳುವ ಬೀಡಿ ಕಾರ್ಮಿಕ ಮಹಿಳೆಯೂ, ರಿಕ್ಷಾಕ್ಕೆ ಇಂಧನ ತುಂಬುವ ಚಾಲಕನೂ ತೆರಿಗೆದಾರರೇ. ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ರಾಜ್ಯವು 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಏರಿಸಿತು. ಆ ಏರಿಕೆ ತರಕಾರಿಯ ಬೆಲೆಯಲ್ಲಿ ಸೇರಿ ಎಲ್ಲರ ಮನೆಗೂ ಬಂತು.

ಎರಡನೆಯದು ಅಬಕಾರಿ. ರಾಜ್ಯದ ಸ್ವಂತ ತೆರಿಗೆಯ ಸುಮಾರು ಐದರಲ್ಲಿ ಒಂದು ಭಾಗ ಮದ್ಯದಿಂದ ಬರಬೇಕೆಂದು ಲೆಕ್ಕ ಹಾಕಲಾಗಿದೆ. ಅದನ್ನು ‘ಗುರಿ’ ಎಂದು ಕರೆಯುತ್ತಾರೆ. ಗುರಿ ಮುಟ್ಟಲು ಯಾರಾದರೂ ಕುಡಿಯಲೇಬೇಕಲ್ಲವೆ? ಕುಡಿತದಿಂದ ಒಡೆದ ಮನೆಗಳಿಗೆ ಭೇಟಿ ಕೊಡುವ ಧರ್ಮಗುರುಗಳಿಗೂ ಧರ್ಮಭಗಿನಿಯರಿಗೂ ಈ ಆದಾಯದ ಇನ್ನೊಂದು ಬದಿ ಗೊತ್ತಿದೆ. ಬಡ ಮನೆಯೊಂದರಿಂದ ಹೀಗೆ ಹೋದ ಹಣವೇ ಸಹಾಯಧನವಾಗಿ ಮರಳಿ ಬರುವುದನ್ನು ಪೂರ್ತಿ ಉಪಕಾರವೆಂದು ಹೇಳಲಾಗದು.

ಗ್ಯಾರಂಟಿಗಳು: ಭಿಕ್ಷೆಯೆ? ಹಕ್ಕೆ?

ಅದೇ ಬಜೆಟಿನಲ್ಲಿ ಐದು ಗ್ಯಾರಂಟಿ ಯೋಜನೆಗಳಿಗೆ 51,034 ಕೋಟಿ ರೂಪಾಯಿ ಇಡಲಾಯಿತು. ಶಿಕ್ಷಣಕ್ಕೆ ಇಟ್ಟದ್ದಕ್ಕಿಂತ ಇದು ಹೆಚ್ಚು. 2023ರ ಜೂನ್ 11ರಂದು ಶಕ್ತಿ, ನಂತರ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ (ಮೊದಲು ಹಣದ ರೂಪದಲ್ಲಿ), ಗೃಹಜ್ಯೋತಿ, ಆಗಸ್ಟ್ 30ರಂದು ಗೃಹಲಕ್ಷ್ಮಿ, 2024ರ ಜನವರಿಯಲ್ಲಿ ಯುವನಿಧಿ ಜಾರಿಗೆ ಬಂದವು.

ಇವುಗಳ ಬಗ್ಗೆ ನಮ್ಮವರಲ್ಲಿಯೂ ಎರಡು ಅಭಿಪ್ರಾಯಗಳಿವೆ. ‘ಬಿಟ್ಟಿ ಭಾಗ್ಯ’ ಎಂದು ಹೀಯಾಳಿಸುವವರಿದ್ದಾರೆ. ನಾವು ಹಾಗೆ ಹೇಳಲಾರೆವು. ತಿಂಗಳಿಗೆ ಎರಡು ಸಾವಿರ ರೂಪಾಯಿ ಒಬ್ಬ ವಿಧವೆಗೆ ಏನೆಂಬುದನ್ನು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಲ್ಲಿ ಸೇವೆ ಮಾಡುವ ಯಾರನ್ನಾದರೂ ಕೇಳಿ ನೋಡಿ. ಔಷಧಿಯ ಅಂಗಡಿಯಲ್ಲಿ ಸಾಲ ಹೇಳುವುದು ತಪ್ಪಿತು ಎನ್ನುವ ತಾಯಂದಿರಿದ್ದಾರೆ. ಅದು ಭಿಕ್ಷೆಯಲ್ಲ. ಅವರೂ ಕಟ್ಟಿದ ತೆರಿಗೆಯ ಹಣ.

ಆದರೆ ಒಂದೇ ಅಳತೆಯ ಅಂಗಿ ಎಲ್ಲರಿಗೂ ಸರಿಹೊಂದುವುದಿಲ್ಲ. ಶಕ್ತಿ ಯೋಜನೆ ಸರಕಾರಿ ಬಸ್ಸುಗಳಿಗೆ ಮಾತ್ರ. ದಕ್ಷಿಣ ಕನ್ನಡ, ಉಡುಪಿಯ ಬಹಳಷ್ಟು ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ನಮ್ಮ ಹೆಣ್ಣುಮಕ್ಕಳು ಟಿಕೆಟಿಗೆ ಹಣ ಕೊಟ್ಟೇ ಹೋಗಬೇಕು. ಕರಾವಳಿಯವರು ಉಣ್ಣುವುದು ಕುಚ್ಚಲಕ್ಕಿ. ಪಡಿತರದಲ್ಲಿ ಅದನ್ನೇ ಕೊಡಿ ಎಂಬ ಬೇಡಿಕೆ ಎಷ್ಟೋ ವರ್ಷ ಹಳೆಯದು. ಯೋಜನೆ ಬೆಂಗಳೂರಿನಲ್ಲಿ ತಯಾರಾಗುವಾಗ ಊರಿನ ಮಾತು ಅಲ್ಲಿಗೆ ಮುಟ್ಟದಿದ್ದರೆ ಹೀಗಾಗುತ್ತದೆ. ಶಾಲೆಗಳ ವಿಷಯದಲ್ಲಿಯೂ ಇದೇ ಕಥೆ.

ಅನುದಾನ ಎಂದರೇನು?

ಖಾಸಗಿ ಆಡಳಿತದ ಶಾಲೆಗೆ ಸರಕಾರ ಹಣ ಕೊಡುವ ಪದ್ಧತಿ ನಿನ್ನೆ ಮೊನ್ನೆಯದಲ್ಲ. 1854ರ ವುಡ್ಸ್ ಡಿಸ್ಪ್ಯಾಚ್ ಎಂಬ ಆದೇಶ ಪತ್ರದಿಂದ ಬ್ರಿಟಿಷರ ಕಾಲದಲ್ಲಿ ಇದು ಆರಂಭವಾಯಿತು. 1956ರವರೆಗೆ ಮದ್ರಾಸಿಗೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ ಇಗರ್ಜಿಯ ಪಕ್ಕದಲ್ಲಿ ಶಾಲೆಗಳು ಬೆಳೆದದ್ದು ಈ ವ್ಯವಸ್ಥೆಯ ಆಸರೆಯಲ್ಲಿ.

ಒಪ್ಪಂದ ಸರಳವಾದದ್ದು. ಜಾಗ, ಕಟ್ಟಡ, ದುರಸ್ತಿ ಆಡಳಿತ ಮಂಡಳಿಯದ್ದು. ಮಂಜೂರಾದ ಹುದ್ದೆಯಲ್ಲಿರುವ ಶಿಕ್ಷಕರ ಸಂಬಳ ಸರಕಾರದ್ದು. ಪಠ್ಯ, ಪರೀಕ್ಷೆ, ನಿಯಮ ಸರಕಾರದ್ದು. ಮಕ್ಕಳಿಗೆ ಜಾತಿ-ಧರ್ಮದ ಭೇದವಿಲ್ಲದೆ ಪ್ರವೇಶ. ಅಕ್ಷರ ದಾಸೋಹದ ಬಿಸಿಯೂಟ, 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಅನುದಾನಿತ ಶಾಲೆಯ ಮಕ್ಕಳಿಗೂ ಸಿಗುವಂತಾಯಿತು.

ಆದ್ದರಿಂದ ಇದು ಸರಕಾರ ಕ್ರೈಸ್ತ ಸಭೆಗೆ ಕೊಡುವ ದಾನವಲ್ಲ. ಸರಕಾರವೇ ಶಾಲೆ ಕಟ್ಟಬೇಕಾಗಿದ್ದ ಕಡೆ ಊರವರು, ಧರ್ಮಕೇಂದ್ರದವರು ಕಟ್ಟಿಕೊಟ್ಟಿದ್ದಾರೆ. ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಹಾಜರಿ ಪುಸ್ತಕ ತೆರೆದು ನೋಡಿದರೆ ಎಲ್ಲ ಧರ್ಮದ ಹೆಸರುಗಳೂ ಕಾಣುತ್ತವೆ. ಕೆಲಸ ಹುಡುಕಿಕೊಂಡು ಉತ್ತರ ಕರ್ನಾಟಕದಿಂದ ಬಂದ ಕೂಲಿಕಾರರ ಮಕ್ಕಳೂ ಅಲ್ಲಿ ಕೂತಿದ್ದಾರೆ.

ಸದ್ದಿಲ್ಲದೆ ಆಗುವ ಕಡಿತ

ಹಾಗಾದರೆ ತೊಂದರೆ ಎಲ್ಲಿದೆ? ಅನುದಾನವನ್ನು ಯಾವ ಸರಕಾರವೂ ರದ್ದು ಮಾಡಲಿಲ್ಲ. ಶಿಕ್ಷಕರೊಬ್ಬರು ನಿವೃತ್ತರಾದಾಗ ಆ ಹುದ್ದೆ ತಾನಾಗಿ ತುಂಬುವುದಿಲ್ಲ, ಅಷ್ಟೇ. ಸರಕಾರದ ಅನುಮತಿ ಬೇಕು, ಹಣಕಾಸು ಇಲಾಖೆಯ ಒಪ್ಪಿಗೆ ಬೇಕು. ಇಂತಹ ವರ್ಷದವರೆಗೆ ತೆರವಾದ ಹುದ್ದೆಗಳಿಗೆ ಮಾತ್ರ ಎಂದು ಮಿತಿ ಹಾಕಿ, ತಡವಾಗಿ, ಹಂತ ಹಂತವಾಗಿ ಅನುಮತಿ ಬರುತ್ತದೆ. ಈ ನಡುವೆ ವರ್ಷಗಳು ಕಳೆಯುತ್ತವೆ.

ಒಂದು ಉದಾಹರಣೆಯಿಂದ ನೋಡೋಣ. ಏಳು ತರಗತಿಗಳ ಶಾಲೆಯಲ್ಲಿ ಐದು ಮಂದಿ ಅನುದಾನಿತ ಶಿಕ್ಷಕರಿದ್ದಾರೆ ಎಂದಿಟ್ಟುಕೊಳ್ಳಿ. ಮೂವರು ನಿವೃತ್ತರಾದರು. ಸಂಚಾಲಕರಾದ ಧರ್ಮಗುರುಗಳು ಹಳೆ ವಿದ್ಯಾರ್ಥಿಗಳ ಹತ್ತಿರ, ಪಾಲನಾ ಮಂಡಳಿಯ ಹತ್ತಿರ ಹಣ ಕೂಡಿಸಿ ಗೌರವ ಶಿಕ್ಷಕಿಯರನ್ನು ನೇಮಿಸುತ್ತಾರೆ. ಅವರಿಗೆ ಸಿಗುವ ಸಂಬಳ ಅಲ್ಪ. ಒಳ್ಳೆಯ ಕೆಲಸ ಸಿಕ್ಕಿದರೆ ಹೊರಡುತ್ತಾರೆ. ವರ್ಷದ ನಡುವೆ ಶಿಕ್ಷಕಿ ಬದಲಾದರೆ ಪೋಷಕರು ಕಳವಳಪಟ್ಟು ಮಗುವನ್ನು ದೂರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸುತ್ತಾರೆ. ಮಕ್ಕಳ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದದ್ದರಿಂದ ಉಳಿದ ಶಿಕ್ಷಕರಲ್ಲಿಯೂ ಒಬ್ಬರನ್ನು ‘ಹೆಚ್ಚುವರಿ’ ಎಂದು ಬೇರೆ ಕಡೆಗೆ ಕಳುಹಿಸಲಾಗುತ್ತದೆ. ಕೊನೆಗೆ ಒಂದು ಜೂನ್ ತಿಂಗಳಲ್ಲಿ ಒಂದನೇ ತರಗತಿಗೆ ಯಾರೂ ಬರುವುದಿಲ್ಲ. ಶಾಲೆಯನ್ನು ಯಾರೂ ಮುಚ್ಚಿಸಲಿಲ್ಲ. ಆದರೂ ಅದು ಮುಚ್ಚಿತು.

ಮಕ್ಕಳು ಕಡಿಮೆಯಾಗಲು ಇಂಗ್ಲಿಷಿನ ಸೆಳೆತ, ಸಣ್ಣ ಕುಟುಂಬಗಳೂ ಕಾರಣವೆಂಬುದು ನಿಜ. ಮಾಧ್ಯಮದ ಆಯ್ಕೆ ಪೋಷಕರದ್ದೇ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಮೊಕದ್ದಮೆಯಲ್ಲಿಯೇ ತೀರ್ಪು ಕೊಟ್ಟಿದೆ. ಆದರೆ ಶಿಕ್ಷಕರೇ ಇಲ್ಲದ ಶಾಲೆಯನ್ನು ಬಿಟ್ಟು ಹೋಗುವುದನ್ನು ಸ್ವತಂತ್ರ ಆಯ್ಕೆ ಎನ್ನಲಾಗದು.

ಈಗ ಮನೆಯ ಲೆಕ್ಕಕ್ಕೆ ಬನ್ನಿ. ಗೃಹಲಕ್ಷ್ಮಿಯಿಂದ ತಾಯಿಯ ಖಾತೆಗೆ ಬರುವುದು ವರ್ಷಕ್ಕೆ 24,000 ರೂಪಾಯಿ. ನಡೆದು ಹೋಗುವ ದೂರದಲ್ಲಿದ್ದ ಶಾಲೆ ನಿಂತುಹೋದರೆ ಅದೇ ತಾಯಿ ಶುಲ್ಕ, ವ್ಯಾನಿನ ಬಾಡಿಗೆ, ಪುಸ್ತಕ ಎಂದು ಆ ಹಣವನ್ನೆಲ್ಲ ಕೊಡಬೇಕಾಗುತ್ತದೆ. ಇಬ್ಬರು ಮಕ್ಕಳಿದ್ದರೆ ಅದೂ ಸಾಲದು. ಬಲಗೈಯಲ್ಲಿ ಕೊಟ್ಟದ್ದು ಎಡಗೈಯಲ್ಲಿ ಹೋಯಿತು. ಕೊಟ್ಟದ್ದಕ್ಕೆ ಜಾಹೀರಾತು ಇದೆ. ಹೋದದ್ದಕ್ಕೆ ಬಜೆಟ್ ಭಾಷಣದಲ್ಲಿ ಒಂದು ಸಾಲೂ ಇರುವುದಿಲ್ಲ.

ಕೇಂದ್ರದಿಂದಲೂ ಇಂತಹದೇ ಕಡಿತ ಆಗಿದೆ. ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 2022-23ರಿಂದ 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಿ, ಒಂದರಿಂದ ಎಂಟರವರೆಗಿನ ಮಕ್ಕಳನ್ನು ಕೈಬಿಡಲಾಯಿತು.

ಕೋರ್ಟಿಗೆ ಹೋದರೆ ಆಗದೆ?

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. ಅದರ ಎರಡನೇ ಖಂಡದ ಪ್ರಕಾರ, ಅನುದಾನ ಕೊಡುವಾಗ ಸಂಸ್ಥೆ ಅಲ್ಪಸಂಖ್ಯಾತರದ್ದು ಎಂಬ ಕಾರಣಕ್ಕೆ ಭೇದ ಮಾಡಬಾರದು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರ ಅಕ್ಟೋಬರ್ 31ರಂದು 11 ನ್ಯಾಯಮೂರ್ತಿಗಳ ಪೀಠ ಈ ಹಕ್ಕಿನ ವ್ಯಾಪ್ತಿಯನ್ನು ವಿವರಿಸಿತು.

ಆದರೆ ಗಮನಿಸಿ: ಭೇದ ಮಾಡಬಾರದು ಎನ್ನುವುದು ಬೇರೆ, ಕೊಡಲೇಬೇಕು ಎನ್ನುವುದು ಬೇರೆ. 2021ರ ಸೆಪ್ಟೆಂಬರ್ 27ರಂದು ಉತ್ತರ ಪ್ರದೇಶದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್, ಅನುದಾನ ಪಡೆಯುವುದು ಮೂಲಭೂತ ಹಕ್ಕಲ್ಲ, ಅದು ಸರಕಾರದ ನೀತಿಗೆ ಬಿಟ್ಟ ವಿಷಯ, ಅಲ್ಪಸಂಖ್ಯಾತ ಸಂಸ್ಥೆಗೂ ಇತರರಿಗೂ ಇದು ಒಂದೇ ಎಂದು ಸ್ಪಷ್ಟಪಡಿಸಿತು. ಎಲ್ಲ ಅನುದಾನಿತ ಶಾಲೆಗಳ ಹುದ್ದೆಗಳೂ ಒಂದೇ ರೀತಿ ಖಾಲಿ ಉಳಿದರೆ ನಮಗೆ ಮಾತ್ರ ಅನ್ಯಾಯವಾಯಿತೆಂದು ವಾದಿಸಲು ಬರುವುದಿಲ್ಲ. ಅಂದರೆ ಈ ಪ್ರಶ್ನೆಗೆ ಉತ್ತರ ಸಿಗಬೇಕಾದದ್ದು ನ್ಯಾಯಾಲಯಕ್ಕಿಂತ ಹೆಚ್ಚಾಗಿ ವಿಧಾನಸಭೆಯಲ್ಲಿ, ಬಜೆಟಿನಲ್ಲಿ. ನಮ್ಮ ಜೊತೆಗೆ ಬರಬೇಕಾದವರು ಮಠಗಳ, ಮಸೀದಿಗಳ, ಊರ ಸಮಿತಿಗಳ ಅನುದಾನಿತ ಶಾಲೆಯವರೂ ಹೌದು.

ಧರ್ಮಸಭೆಯ ಬೋಧನೆ

ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕ್ರೈಸ್ತ ಶಿಕ್ಷಣದ ಕುರಿತ ತನ್ನ ಘೋಷಣೆಯಲ್ಲಿ, ಪೋಷಕರು ಶಾಲೆಯನ್ನು ನಿಜವಾಗಿ ಸ್ವತಂತ್ರವಾಗಿ ಆರಿಸಲು ಸಾಧ್ಯವಾಗುವಂತೆ ಸಾರ್ವಜನಿಕ ಹಣ ಹಂಚಿಕೆಯಾಗಬೇಕೆಂದು ಬೋಧಿಸಿತು. 1991ರ ತಮ್ಮ ವಿಶ್ವಪತ್ರದಲ್ಲಿ ಎರಡನೇ ಜಾನ್ ಪಾವ್ಲ್ ಜಗದ್ಗುರುಗಳು ಇನ್ನೊಂದು ಎಚ್ಚರಿಕೆ ಕೊಟ್ಟರು: ಜನರಿಗೆ ಹತ್ತಿರವಿರುವ ಸಣ್ಣ ಸಂಸ್ಥೆಗಳು ಮಾಡಬಲ್ಲ ಕೆಲಸವನ್ನು ಸರಕಾರ ಕಸಿದುಕೊಳ್ಳಬಾರದು, ಬೇಕಾದಾಗ ಅವುಗಳಿಗೆ ಆಸರೆ ಕೊಡಬೇಕು. ಊರಿನ ಅನುದಾನಿತ ಶಾಲೆ ಅಂತಹ ಒಂದು ಸಂಸ್ಥೆ. ಬಡವನ ಕೈಗೆ ಹಣ ಕೊಡುವುದು ಅಗತ್ಯ. ಅವನ ಮಗುವಿಗೆ ಶಿಕ್ಷಕರನ್ನು ಕೊಡುವುದೂ ಅಷ್ಟೇ ಅಗತ್ಯ. ಒಂದನ್ನು ತೋರಿಸಿ ಇನ್ನೊಂದನ್ನು ಮರೆಸುವುದು ನ್ಯಾಯವಲ್ಲ.

ನಾವು ಏನು ಮಾಡಬಹುದು?

1. ಪ್ರತಿಯೊಂದು ಧರ್ಮಕೇಂದ್ರದ ಪಾಲನಾ ಮಂಡಳಿ ತನ್ನ ಶಾಲೆಯ ಮೂರು ಅಂಕಿಗಳನ್ನು ತಿಳಿದಿರಲಿ: ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು, ಎಂದಿನಿಂದ ಖಾಲಿ.

2. ಬಜೆಟ್ ಮಂಡನೆಯಾದ ಮೇಲೆ ಕೊಡುವ ಮನವಿಯಿಂದ ಪ್ರಯೋಜನ ಕಡಿಮೆ. ಶಾಸಕರಿಗೂ ವಿಧಾನ ಪರಿಷತ್ ಸದಸ್ಯರಿಗೂ ಡಿಸೆಂಬರ್-ಜನವರಿಯೊಳಗೆ, ಇದೇ ಅಂಕಿಗಳೊಂದಿಗೆ ಮನವಿ ಮುಟ್ಟಲಿ. ಇತರ ಆಡಳಿತ ಮಂಡಳಿಗಳ ಸಹಿಯೂ ಅದರಲ್ಲಿರಲಿ.

3. ವಾಳೆಯ ಗುರ್ಕಾರರು ತಮ್ಮ ವಾಳೆಯಲ್ಲಿ ಯಾವ ಮನೆಗೆ ಯಾವ ಸರಕಾರಿ ಸೌಲಭ್ಯ ತಪ್ಪಿದೆ ಎಂದು ವಿಚಾರಿಸಲಿ. ಆಧಾರ್ ಜೋಡಣೆ, ಬ್ಯಾಂಕ್ ಖಾತೆಯ ಸಣ್ಣ ತಪ್ಪಿನಿಂದ ಹಣ ನಿಂತವರಿರಬಹುದು. ಅರ್ಜಿ ತುಂಬಲು ಸಹಾಯ ಮಾಡುವುದೂ ಪ್ರೇಷಿತ ಕಾರ್ಯವೇ.

4. ಗೌರವ ಶಿಕ್ಷಕಿಯರ ಸಂಬಳಕ್ಕೆ ಸಹಾಯ ಮಾಡುವ ಹಳೆ ವಿದ್ಯಾರ್ಥಿಗಳಿಗೆ ನಮ್ಮ ವಂದನೆಗಳು. ಆದರೆ ಆ ದಾನವು ಸರಕಾರದ ಹೊಣೆಗೆ ಬದಲಿ ಅಲ್ಲ ಎಂಬುದನ್ನೂ ನೆನಪಿಡೋಣ.

ಮುಂದಿನ ಬಜೆಟ್ ಮಂಡನೆಯಾದಾಗ “ಕ್ರೈಸ್ತರಿಗೆ ಎಷ್ಟು ಕೋಟಿ?” ಎಂದು ಧಾರಾಳವಾಗಿ ಕೇಳಿ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: “ನಮ್ಮ ಶಾಲೆಯ ಖಾಲಿ ಹುದ್ದೆಗೆ ಈ ವರ್ಷವಾದರೂ ಶಿಕ್ಷಕರು ಬರುತ್ತಾರೆಯೆ?”