ನಮ್ಮ ಮಳೆ, ಅವರ ಹೊಳೆ

ಕಾಫಿ ಕೊಯ್ಲು ಮುಗಿದು ಅಡಿಕೆ ಅಂಗಳದಿಂದ ಅಟ್ಟ ಸೇರಿದ ಮೇಲೆ ಸಂಘದ ಸದಸ್ಯರು ಒಂದು ಪ್ರವಾಸ ಹೊರಡುವುದು ರೂಢಿ. ಈ ಸಲ ಆಡಳಿತ ಮಂಡಳಿಯ ಹಿರಿಯರೊಬ್ಬರು, ಹರಿಹರಪುರದಲ್ಲಿ ನಮ್ಮ ಕಾಲು ತೊಳೆದು ಹೋಗುವ ತುಂಗೆ ಮುಂದೆ ಏನಾಗುತ್ತಾಳೆಂದು ನೋಡಿ ಬರೋಣ ಎಂದರು. ಬಯಲುಸೀಮೆಯ ಬಿಸಿಲು ಕಾಯಿಸಿಕೊಳ್ಳಲು ದುಡ್ಡು ಕೊಟ್ಟು ಹೋಗಬೇಕೆ ಎಂದು ನಕ್ಕವರೂ ಕೊನೆಗೆ ಬಸ್ಸು ಹತ್ತಿದರು.

ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡ ತುಂಗೆಯನ್ನು ಹರಿಹರದಲ್ಲಿ ಕಂಡು, ಅಲ್ಲಿಂದ ಹರಪನಹಳ್ಳಿ ದಾರಿ ಹಿಡಿದೆವು. ಎತ್ತ ನೋಡಿದರೂ ಕೊಯ್ಲಾದ ಮೆಕ್ಕೆಜೋಳದ ಹೊಲ. ನಡುನಡುವೆ ಕೊಳವೆಬಾವಿ ನಂಬಿ ಎಬ್ಬಿಸಿದ ಎಳೆ ಅಡಿಕೆ ತೋಟ ಕಂಡು ನಮ್ಮಲ್ಲಿ ಕೆಲವರ ಮುಖ ಸಣ್ಣದಾಯಿತು. ಆ ಚರ್ಚೆ ಇನ್ನೊಂದು ಸಂಚಿಕೆಗೆ ಇರಲಿ.

ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಬಂದಾಗ ಜಾತ್ರೆ ಮುಗಿದು ವಾರವಾಗಿತ್ತು. ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ಇಲ್ಲಿ ಲಕ್ಷಗಟ್ಟಲೆ ಜನ ನೆರೆಯುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ಜನಸಾಗರ ಸದ್ದಡಗಿದಾಗ ಒಂದೇ ಮಾತು ನುಡಿದು ಕೆಳಗೆ ಬೀಳುತ್ತಾನೆ. ಅದೇ ಕಾರಣಿಕ. ಆ ಒಂದು ಮಾತಿನಲ್ಲಿ ವರ್ಷದ ಮಳೆ ಬೆಳೆ ಏನೆಂದು ರೈತರು ಲೆಕ್ಕ ಹಾಕುತ್ತಾರೆ. ಕರಿ ಕಂಬಳಿ, ಕರಡಿ ಕೂದಲ ಟೊಪ್ಪಿಗೆ, ಕೈಯಲ್ಲಿ ಡಮರುಗ ಹಿಡಿದ ಗೊರವರು ಕೆಲವರು ಇನ್ನೂ ಊರಲ್ಲಿದ್ದರು. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಬೆಳಗ್ಗೆ ಸಂಜೆ ನೋಡುವ ನಾವು ಇದನ್ನು ಕಂಡು ನಗುವ ಹಾಗಿಲ್ಲ; ಮಾರ್ಚಿಯ ಹೂಮಳೆಗಾಗಿ ನಾವು ಮಾಡುವ ಹರಕೆಗಳು ನಮಗೇ ಗೊತ್ತು.

ಹೊಳೆಯಲ್ಲಿ ಅರ್ಧಕ್ಕರ್ಧ ಮರಳು, ಬಂಡೆ. ಆಳವಿದ್ದ ಮಡುವಿನಲ್ಲಿ ಹರಿಗೋಲು ಹತ್ತಿದೆವು. ಹುಟ್ಟು ಹಾಕುತ್ತಿದ್ದ ಹಿರಿಯರು ನಮ್ಮ ಊರು ಕೇಳಿದವರೇ, "ಹಂಗಾರ ನಿಮ್ಮ ಕಡಿ ಮಳಿ ಹೆಂಗೈತ್ರಿ ಸಾವ್ಕಾರ್ರ?" ಎಂದರು. ಕೊಪ್ಪದ ಮಳೆ ಇವರಿಗೇಕೆ ಎಂದುಕೊಂಡೆವು. "ಇಲ್ಲಿ ಮೋಡ ನೋಡಿ ಏನ್ ಮಾಡೋಣ್ರಿ, ಮ್ಯಾಲ ಮಳಿಯಾದ್ರ ನಮಗ ಹೊಳಿ ಬರ್ತೈತಿ. ಮೊದಲ್ನೇ ನೀರು ಕೆಂಪಗ ಬರ್ತೈತ್ರಿ. ಆ ಮಣ್ಣು ನಿಮ್ದ" ಎಂದು ನಕ್ಕರು. ನಾವು ಯಾರೂ ನಗಲಿಲ್ಲ.

ಹತ್ತಿರದ ಕುರುವತ್ತಿಯಲ್ಲಿ ಮಲ್ಲಿಕಾರ್ಜುನ ದೇವಾಲಯ ನೋಡಲೇಬೇಕು. ಕಲ್ಯಾಣ ಚಾಲುಕ್ಯರ ಕಾಲದ್ದು. ಬಾಗಿಲ ಮುಂದಣ ಮದನಿಕೆಯರನ್ನು ನೋಡಿದರೆ ಬೇಲೂರು ನೆನಪಾಗುತ್ತದೆ, ಆದರೆ ಕಾಲದಲ್ಲಿ ಇವರು ಹಿರಿಯರು. ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ವಾಸಿಯಾಗದ ಕಾಯಿಲೆಗೆ ಬೇಸತ್ತು 1068ರಲ್ಲಿ ತುಂಗಭದ್ರೆಗಿಳಿದು ಪ್ರಾಣ ಬಿಟ್ಟದ್ದು ಇಲ್ಲಿಯೇ. ಹೊಳೆಗೆ ಅಷ್ಟು ಮಹಿಮೆ ಇದ್ದ ಕಾಲ.

ಹಡಗಲಿಯಲ್ಲಿ ಮನೆಯವರಿಗೆಂದು ಮಲ್ಲಿಗೆ ಕೊಂಡು ಹಗರಿಬೊಮ್ಮನಹಳ್ಳಿ ಕಡೆ ತಿರುಗಿದೆವು. ಇಲ್ಲಿ ತುಂಗಭದ್ರಾ ಅಣೆಕಟ್ಟಿನ ಹಿನ್ನೀರು. ನೀರು ಇಳಿದ ಕಡೆ ನೆಲ ಬಿರುಕು ಬಿಟ್ಟ ಹೂಳು. 1953ರಲ್ಲಿ ಪೂರ್ಣಗೊಂಡಾಗ ಈ ಜಲಾಶಯ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ 105ರ ಆಸುಪಾಸು. ಮಿಕ್ಕ ಜಾಗದಲ್ಲಿ ಕೂತಿರುವುದು ಮಣ್ಣು. ಇದರ ಮೇಲೆ 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಗಿ, ತುಂಬಿದ್ದ ನೀರನ್ನೂ ಹೊರಬಿಡಬೇಕಾಯಿತು. ಮಣ್ಣೆಲ್ಲ ನಮ್ಮದೇ ಎಂದು ಒಪ್ಪಿಕೊಳ್ಳಬೇಕಾಗಿಲ್ಲ. ಭದ್ರೆ ಹೊತ್ತ ಮಣ್ಣು ಬಹುಮಟ್ಟಿಗೆ ಲಕ್ಕವಳ್ಳಿಯಲ್ಲೇ ನಿಲ್ಲುತ್ತದೆ. ವರದಾ, ಕುಮುದ್ವತಿ ನದಿಗಳೂ, ದಾರಿಯುದ್ದದ ಹೊಲಗಳೂ ತಮ್ಮ ಪಾಲು ಸೇರಿಸುತ್ತವೆ. ಆದರೆ ತುಂಗೆಗೆ ಗಾಜನೂರಿನಲ್ಲಿರುವುದು ಚಿಕ್ಕ ಕಟ್ಟೆ. ಮಳೆಗಾಲಕ್ಕೆ ಮುಂಚೆ ಇಳಿಜಾರಿನಲ್ಲಿ ಜೆಸಿಬಿ ಬಿಟ್ಟು ರಸ್ತೆ ಕಡಿಸಿದವರು, ನಾವೂ ಸೇರಿದಂತೆ, ಆ ಮಣ್ಣು ಎಲ್ಲಿಗೆ ಹೋಯಿತೆಂದು ಯೋಚಿಸಿದವರಲ್ಲ.

ಅದೇ ತಾಲ್ಲೂಕಿನ ಅಂಕಸಮುದ್ರದಲ್ಲಿ ಮನಸ್ಸು ಹಗುರಾಯಿತು. ಶತಮಾನಗಳ ಹಿಂದೆ ನೀರಾವರಿಗೆ ಕಟ್ಟಿದ 244 ಎಕರೆಯ ಊರಕೆರೆ. ಜಾಲಿಮರಗಳ ತುಂಬ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು. ಮೂವತ್ತು ಸಾವಿರಕ್ಕೂ ಮಿಕ್ಕ ನೀರುಹಕ್ಕಿಗಳು ಇಲ್ಲಿ ತಂಗುತ್ತವೆಯಂತೆ. 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿದೆ. ಬಸ್ಸಿನಲ್ಲಿ ಸದಾ ರೇಟಿನ ಮಾತಾಡುವವರೂ ಏರಿಯ ಮೇಲೆ ಒಂದು ಗಂಟೆ ಸುಮ್ಮನೆ ನಿಂತಿದ್ದರು.

ಕೊಟ್ಟೂರಿನಲ್ಲಿ ಕೊಟ್ಟೂರೇಶ್ವರನಿಗೆ ಕೈಮುಗಿದು ಕೂಡ್ಲಿಗಿ ಮುಟ್ಟಿದಾಗ ಸಂಜೆ. ಇಲ್ಲಿ ಹೊಳೆಯಿಲ್ಲ, ಕಲ್ಲುಗುಡ್ಡದ ಸೀಮೆ. ಮ್ಯಾಸಬೇಡರ ದೇವರ ಎತ್ತುಗಳ ಹಿಂಡೊಂದು ದೂಳೆಬ್ಬಿಸುತ್ತ ಹಟ್ಟಿಗೆ ಮರಳುತ್ತಿತ್ತು. ಇವಕ್ಕೆ ನೊಗ ಹೂಡುವುದಿಲ್ಲ, ಇವನ್ನು ಮಾರುವುದಿಲ್ಲ. ಬರದಲ್ಲೂ ಮೇವು ಹೊಂದಿಸಿ ಸಾಕುತ್ತಾರೆ. ಲಾಭ ನಷ್ಟದ ನಮ್ಮ ಪುಸ್ತಕದಲ್ಲಿ ಇದನ್ನು ಯಾವ ಕಲಮಿನಲ್ಲಿ ಬರೆಯುವುದೋ ತಿಳಿಯದು.

ಹೋಗುವವರಿಗೆ ಒಂದು ಮಾತು: ಫೆಬ್ರವರಿ ದಾಟಿದರೆ ಬಿಸಿಲು ತಡೆಯದು. ಹರಿಗೋಲಿನಲ್ಲಿ ಎದ್ದು ನಿಲ್ಲಬೇಡಿ; ನಮ್ಮಲ್ಲೊಬ್ಬರು ಪಂಚೆ ಸಮೇತ ನೆನೆದರು.

ಮುಂದಿನ ಮಾಸಿಕ ಸಭೆಗೆ ಎರಡು ವಿಷಯ ಇಟ್ಟಿದ್ದೇವೆ. ಕಾಫಿ ಸಾಲುಗಳ ನಡುವೆ ತೊಟ್ಟಿಲುಗುಂಡಿ ತೆಗೆಯುವ ಆಳುಗಳನ್ನು ಸಂಘದಿಂದಲೇ ಒಟ್ಟಾಗಿ ಗೊತ್ತುಮಾಡುವುದು ಒಂದು. ಅಡಿಕೆ ತೋಟದ ಬಸಿಗಾಲುವೆ ಹಳ್ಳ ಸೇರುವಲ್ಲಿ ಹೂಳುಗುಂಡಿ ಮಾಡಿಸುವುದು ಇನ್ನೊಂದು. ಮೇ ತಿಂಗಳೊಳಗೆ ಕೆಲಸ ಆಗಬೇಕು. ಇಷ್ಟವಿರುವ ಸದಸ್ಯರು ಕಚೇರಿಯಲ್ಲಿ ಹೆಸರು ಬರೆಸಿ. ಮೊದಲ ಹೆಸರು ನಮ್ಮದೇ ಇದೆ.