ಕೌದಿಯೊಳಗಿನ ನುಸಿ

ಚಳಿ ಬಿತ್ತೆಂದರೆ ಬೈಲಹೊಂಗಲ, ಸವದತ್ತಿ ಕಡೆಯ ಮನೆಗಳಲ್ಲಿ ಅಟ್ಟದ ಮೇಲಿನ ಕೌದಿಗಳು ಕೆಳಗಿಳಿಯುತ್ತವೆ. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಹರಿದ ಅಂಗಿ, ಎಲ್ಲವನ್ನೂ ಪದರು ಪದರಾಗಿ ಕೂಡಿಸಿ ಕೈಯಿಂದ ಹೊಲಿದ ಕೌದಿ. ಅದರ ಬೆಚ್ಚನೆಯ ಸುಖ ಅಂಗಡಿಯ ಬ್ಲಾಂಕೆಟ್ಟಿನಲ್ಲಿಲ್ಲ. ಆದರೆ ದಮ್ಮು ಇರುವವರು ಅದನ್ನು ಹೊದ್ದು ಮಲಗಿದರೆ ನಸುಕಿನ ಮೂರಕ್ಕೋ ನಾಲ್ಕಕ್ಕೋ ಎದ್ದು ಕೂಡುವುದುಂಟು. ಎದೆಯಲ್ಲಿ ಸುಂಯ್ ಸುಂಯ್ ಸದ್ದು. ಒಳಗೆ ಎಳೆದುಕೊಂಡ ಉಸಿರು ಹೊರಗೆ ಬರಲೊಲ್ಲದು. "ಥಂಡಿ ಹತ್ತೇತಿ" ಎನ್ನುತ್ತಾರೆ ಮನೆಯವರು. ಥಂಡಿಯದೂ ಪಾಲಿದೆ. ಆದರೆ ಎಷ್ಟೋ ಮಂದಿಯ ಪಾಲಿಗೆ ಅದಕ್ಕಿಂತ ದೊಡ್ಡ ಕಾರಣ ಕೌದಿಯ ಪದರುಗಳಲ್ಲಿ ವಾಸಿಸುವ ಒಂದು ಜೀವಿ.

ಅದು ಧೂಳಿನ ನುಸಿ. ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ, ಎಂಟು ಕಾಲು, ಜೇಡನ ಬಳಗ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಊಟ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಹಾಗಾಗಿ ಕಿತ್ತೂರಿನ ಮಳೆಗಾಲ ಅದಕ್ಕೆ ಒಗ್ಗುತ್ತದೆ, ರಾಮದುರ್ಗದ ಒಣ ಬೇಸಿಗೆ ಒಗ್ಗದು. ನುಸಿ ಕಚ್ಚುವುದಿಲ್ಲ. ತೊಂದರೆಯೆಲ್ಲ ಅದರ ಹಿಕ್ಕೆಯದು. ಕೌದಿ ಕೊಡವಿದಾಗ ಏಳುವ ಧೂಳಿನ ಜೊತೆ ಹಿಕ್ಕೆಯೂ ಉಸಿರಿಗೆ ಸೇರುತ್ತದೆ.

ಆ ಹಿಕ್ಕೆಯಲ್ಲಿ ನುಸಿಯ ಹೊಟ್ಟೆಯ ಕಿಣ್ವಗಳಿರುತ್ತವೆ. ಉಸಿರುನಾಳದ ಒಳಪದರದ ಕೋಶಗಳನ್ನು ಒಂದಕ್ಕೊಂದು ಬಿಗಿದ ಬೆಸುಗೆಯನ್ನು ಅವು ಕತ್ತರಿಸುತ್ತವೆ. ಗಾಯಗೊಂಡ ಕೋಶಗಳು ಟಿಎಸ್‌ಎಲ್‌ಪಿ, ಇಂಟರ್‌ಲೂಕಿನ್-33 ಎಂಬ ಪ್ರೋಟೀನುಗಳನ್ನು ಹೊರಬಿಟ್ಟು ಕೂಗು ಹಾಕುತ್ತವೆ. ಅಲರ್ಜಿಯ ಮೈಗುಣ ಇರುವವರಲ್ಲಿ ಈ ಕೂಗಿಗೆ ಓಗೊಡುವ ಬಿಳಿರಕ್ತಕಣಗಳು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತವೆ. ಈ ಐಜಿಇಯನ್ನು 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಗುರುತಿಸಿದವರು ಜಪಾನಿನ ಇಶಿಜಾಕಾ ದಂಪತಿ. ಅದು ಉಸಿರುನಾಳದ ಮಾಸ್ಟ್ ಕೋಶಗಳ ಮೈಮೇಲೆ ಕೂತು ಕಾಯುತ್ತದೆ. ಮತ್ತೆ ನುಸಿಯ ಧೂಳು ಬಂತೋ, ಆ ಕೋಶಗಳು ನಿಮಿಷಗಳಲ್ಲೇ ಹಿಸ್ಟಮೀನ್, ಲ್ಯೂಕೋಟ್ರೈನ್ ಎಂಬ ರಾಸಾಯನಿಕಗಳನ್ನು ಸುರಿಯುತ್ತವೆ. ನಾಳದ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ದಮ್ಮು ಸುಲಭದ ರೋಗವಾಗುತ್ತಿತ್ತು. ನಾಲ್ಕರಿಂದ ಎಂಟು ತಾಸಿನ ಮೇಲೆ ಎರಡನೆಯ ಅಲೆ ಏಳುತ್ತದೆ. ಇಂಟರ್‌ಲೂಕಿನ್-5ರ ಕರೆಗೆ ಇಯೊಸಿನೊಫಿಲ್ ಎಂಬ ಬಿಳಿಕಣಗಳು ಬಂದು ತುಂಬುತ್ತವೆ. ಜಾಲಿಮುಳ್ಳು ನೆಟ್ಟ ಕಾಲು ಬಾತು ಬಿಸಿಯೇರುವ ಹಾಗೆ ನಾಳದ ಒಳಗೋಡೆ ಬಾಯುತ್ತದೆ, ಅಂಟಂಟಾದ ಕಫ ಕಟ್ಟುತ್ತದೆ. ಇದೇ ಉರಿಯೂತ. ರಾತ್ರಿ ಒಂಬತ್ತಕ್ಕೆ ಮಲಗಿದವರು ನಸುಕಿಗೆ ಏಳುವುದಕ್ಕೆ ಇದೂ ಒಂದು ಕಾರಣ. ಉರಿಯೂತವನ್ನು ಹತ್ತಿಕ್ಕುವ ನಮ್ಮದೇ ದೇಹದ ಕಾರ್ಟಿಸಾಲ್ ನಡುರಾತ್ರಿಯ ಹೊತ್ತಿಗೆ ತೀರ ಇಳಿದಿರುವುದು ಇನ್ನೊಂದು.

ಈಗ ಪಂಪಿನ, ಅಂದರೆ ಇನ್‌ಹೇಲರಿನ, ಮಾತು. ನೀಲಿ ಪಂಪಿನಲ್ಲಿರುವ ಸಾಲ್ಬುಟಮಾಲ್ 1969ರಲ್ಲಿ ಬಳಕೆಗೆ ಬಂತು. ಬಿಗಿದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ. ಗುಣ ನಾಲ್ಕಾರು ತಾಸು. ಬಾವಿಗೆ ಮಾತ್ರ ಅದು ಏನೂ ಮಾಡದು. ಬಾವು ಇಳಿಸುವುದು ಸ್ಟೀರಾಯ್ಡ್ ಪಂಪು. ಅಂಥ ಮೊದಲ ಯಶಸ್ವಿ ಔಷಧ ಬೆಕ್ಲೊಮೆಥಾಸೋನ್ 1972ರದು. ಸ್ಟೀರಾಯ್ಡ್ ಕೋಶದ ಒಳಹೊಕ್ಕು, ಉರಿಯೂತದ ಪ್ರೋಟೀನು ತಯಾರಿಸುವ ಜೀನುಗಳನ್ನೇ ಸುಮ್ಮನಾಗಿಸುತ್ತದೆ. ಆದ್ದರಿಂದಲೇ ನಿಧಾನ: ಗುಣ ಕಾಣಲು ದಿನಗಳು, ವಾರಗಳು ಬೇಕು. ನಮ್ಮಲ್ಲಿ ನಡೆಯುವುದು ಇದಕ್ಕೆ ತಿರುವುಮುರುವು. ಕೂಡಲೇ ಹಾಯೆನಿಸುವ ನೀಲಿ ಪಂಪನ್ನು ನಂಬುತ್ತೇವೆ, ಸ್ಟೀರಾಯ್ಡ್ ಎಂಬ ಹೆಸರಿಗೇ ಅಂಜುತ್ತೇವೆ. "ಆರಾಮ ಆಗೇತಲ್ಲ, ಇನ್ಯಾಕ ಪಂಪು?" ಎಂದು ಬಿಟ್ಟವರಲ್ಲಿ ಬಾವು ಸದ್ದಿಲ್ಲದೆ ಮರಳುತ್ತದೆ. ಈ ಅಂಜಿಕೆ ನನಗೆ ನಿಜಕ್ಕೂ ನೋವು ತರುತ್ತದೆ. ಗುಳಿಗೆಯ ಸ್ಟೀರಾಯ್ಡ್ ಮಿಲಿಗ್ರಾಂ ಲೆಕ್ಕದ್ದು, ಪಂಪಿನದು ಮೈಕ್ರೋಗ್ರಾಂ ಲೆಕ್ಕದ್ದು, ಅದೂ ಬಹುಪಾಲು ನಾಳದಲ್ಲೇ ಕೆಲಸ ಮಾಡುವಂಥದು. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿದರೆ ನಾಲಿಗೆಗೆ ಬೂಸು ಹಿಡಿಯುವುದೂ ತಪ್ಪುತ್ತದೆ. ದಮ್ಮಿನ ಜಾಗತಿಕ ಮಾರ್ಗಸೂಚಿ ಗೀನಾ, ದೊಡ್ಡವರಿಗೆ ನೀಲಿ ಪಂಪೊಂದನ್ನೇ ಕೊಡಬೇಡಿ ಎಂದು 2019ರಿಂದ ಹೇಳುತ್ತಿದೆ.

ಇವೆಲ್ಲಕ್ಕೂ ಬಗ್ಗದ ತೀವ್ರ ದಮ್ಮಿಗೆ ಚುಚ್ಚುಮದ್ದುಗಳಿವೆ. 2003ರ ಒಮಾಲಿಜುಮಾಬ್ ಐಜಿಇಯನ್ನೇ ಹಿಡಿದುಹಾಕುತ್ತದೆ. 2015ರ ಮೆಪೊಲಿಜುಮಾಬ್ ಇಂಟರ್‌ಲೂಕಿನ್-5ನ್ನು. 2021ರ ಟೆಜೆಪೆಲುಮಾಬ್ ಮೊದಲ ಕೂಗು ಟಿಎಸ್‌ಎಲ್‌ಪಿಯನ್ನು. ಬೆಲೆ ಮಾತ್ರ ಒಕ್ಕಲುತನದ ಮನೆಗೆ ನಿಲುಕದು.

ಎಲ್ಲರ ದಮ್ಮಿಗೂ ನುಸಿಯೇ ಕಾರಣವಲ್ಲ. ರಾಶಿಯ ಹೊಟ್ಟಿನ ಧೂಳು, ಕಾಂಗ್ರೆಸ್ ಕಸದ ಪರಾಗ, ಒಲೆಯ ಹೊಗೆ ಕೂಡ ಇವೆ. ಹತ್ತಿ ಮಿಲ್ಲಿನ ಧೂಳಿನಿಂದ ಎದೆ ಬಿಗಿಯುವುದು ಬೇರೆಯದೇ ರೋಗ.

ಹಾಗೆಂದು ಕೌದಿಯನ್ನು ಎಸೆಯಬೇಕಿಲ್ಲ. ಅದನ್ನು ತೊಳೆದಷ್ಟಕ್ಕೆ ಪಂಪು ಬಿಡುವಂತೆಯೂ ಇಲ್ಲ. ಹಬ್ಬದ ಮುಂದೆ ಮಲಪ್ರಭೆಯ ದಂಡೆಯಲ್ಲಿ ಕೌದಿ ಒಗೆಯುವಾಗ ಹಿಕ್ಕೆಯ ಪ್ರೋಟೀನು ಬಹುಮಟ್ಟಿಗೆ ನೀರಿನಲ್ಲಿ ಕರಗಿ ಹೋಗುತ್ತದೆ, ಆದರೆ ತಣ್ಣೀರಿಗೆ ನುಸಿ ಸಾಯದು. ಅದಕ್ಕೆ 55 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ಬೇಕು. ಬಚ್ಚಲ ಹಂಡೆಯಲ್ಲಿ ಕುದಿಸಿದ ನೀರು ಸುರಿದು ಅರ್ಧ ತಾಸು ನೆನೆಹಾಕಿ, ಆಮೇಲೆ ಹೊಳೆಗೆ ಒಯ್ಯಬಹುದು. ಒಣಗಿದ ಕೌದಿ ಕೊಡವುವ ಕೆಲಸವನ್ನು ದಮ್ಮು ಇಲ್ಲದವರು ಅಂಗಳದಲ್ಲಿ ಮಾಡಲಿ.