ಲಾರಿಯ ಹಿಂದಿನ ಅಚ್ಚಿನ ಹಲ್ಲುಚಕ್ರ ನಿಷ್ಪತ್ತಿ ಮತ್ತು ಇಂಧನದ ಮಿತವ್ಯಯ

ಭಟ್ಕಳ ತಾಲ್ಲೂಕಿನ ಕಾಯ್ಕಿಣಿಯ ಕಡೆಯಿಂದ ಸರಕು ಹೊತ್ತು ಹೊರಡುವ ಲಾರಿಗೆ ಎರಡು ಬಗೆಯ ದಾರಿಗಳಿವೆ. ಒಂದು, ಕರಾವಳಿಯನ್ನೇ ಅನುಸರಿಸಿ ಹೊನ್ನಾವರ, ಕುಮಟಾಗಳ ಮೂಲಕ ಉತ್ತರಕ್ಕೂ ಭಟ್ಕಳದ ಮೂಲಕ ಮಂಗಳೂರಿನತ್ತಲೂ ಸಾಗುವ ರಾಷ್ಟ್ರೀಯ ಹೆದ್ದಾರಿ 66. ಇನ್ನೊಂದು, ಘಟ್ಟವನ್ನೇರುವ ದಾರಿ: ಹೊನ್ನಾವರದಿಂದ ಗೇರುಸೊಪ್ಪೆಯ ಮೇಲೆ ಸಾಗರಕ್ಕೆ, ಅಥವಾ ಕುಮಟಾದಿಂದ ದೇವಿಮನೆ ಘಟ್ಟದ ಮೇಲೆ ಶಿರಸಿಗೆ. ಹಿಂದಿನ ಅಚ್ಚಿನ ಕ್ರೌನ್-ಪಿನಿಯನ್ ಬದಲಿಸಿದರೆ ಡೀಸೆಲ್ ಉಳಿಯುವುದೆಂಬ ನಂಬಿಕೆ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಈ ಎರಡು ದಾರಿಗಳನ್ನೂ ಮುಂದಿಟ್ಟುಕೊಂಡು ಇಲ್ಲಿ ವಿವೇಚಿಸುತ್ತೇವೆ.

ಗೇರ್‌ಬಾಕ್ಸಿನಿಂದ ಹೊರಟ ದಂಡವು ಅಚ್ಚಿನ ನಡುವೆ ಇರುವ ಪಿನಿಯನ್ನನ್ನು ತಿರುಗಿಸುತ್ತದೆ. ಪಿನಿಯನ್ನು ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಕ್ರೌನಿಗೆ 41 ಹಲ್ಲುಗಳೂ ಪಿನಿಯನ್ನಿಗೆ 6 ಹಲ್ಲುಗಳೂ ಇದ್ದರೆ ಗಾಲಿ ಒಂದು ಸುತ್ತು ಬರಲು ದಂಡವು 6.83 ಸುತ್ತು ಬರಬೇಕು. ಇದೇ ಅಚ್ಚಿನ ನಿಷ್ಪತ್ತಿ. ಪಿನಿಯನ್ನಿಗೆ 7 ಹಲ್ಲುಗಳಾದರೆ ನಿಷ್ಪತ್ತಿ 5.86ಕ್ಕೆ ಇಳಿಯುತ್ತದೆ.

ಗಾಲಿಯ ಸುತ್ತಳತೆ 3.2 ಮೀಟರು ಎಂದಿಟ್ಟುಕೊಳ್ಳೋಣ. ಗಂಟೆಗೆ 60 ಕಿಲೊಮೀಟರು ವೇಗದಲ್ಲಿ ಗಾಲಿಯು ನಿಮಿಷಕ್ಕೆ ಸುಮಾರು 312 ಸುತ್ತು ಬರುತ್ತದೆ. ಎಂಜಿನು ಮತ್ತು ದಂಡ ಸಮನಾಗಿ ತಿರುಗುವ ಟಾಪ್ ಗೇರಿನಲ್ಲಿ ಮೊದಲನೆಯ ಅಚ್ಚಿಗೆ ಎಂಜಿನು ನಿಮಿಷಕ್ಕೆ ಸುಮಾರು 2,130 ಸುತ್ತು, ಎರಡನೆಯದಕ್ಕೆ ಸುಮಾರು 1,830 ಸುತ್ತು ತಿರುಗಬೇಕಾಗುತ್ತದೆ. ಅಂದರೆ ಏಳರಲ್ಲಿ ಒಂದು ಪಾಲು ಕಡಿಮೆ.

ಆದರೆ ಇಂಧನವೂ ಏಳರಲ್ಲಿ ಒಂದು ಪಾಲು ಉಳಿಯುವುದೆಂದು ಭಾವಿಸುವುದು ತಪ್ಪು. ಟೈರುಗಳ ಉರುಳುತಡೆ, ಗಾಳಿಯ ಪ್ರತಿರೋಧ, ರಸ್ತೆಯ ಏರು ಇವು ಮೂರೂ ಅಚ್ಚಿನೊಳಗಿನ ಹಲ್ಲುಗಳ ಎಣಿಕೆಯನ್ನು ಅರಿಯವು. ಗಾಲಿಯ ಬಳಿ ಆಗಬೇಕಾದ ಕೆಲಸ ಎರಡು ಸಂದರ್ಭಗಳಲ್ಲಿಯೂ ಒಂದೇ. ಕಡಿಮೆಯಾಗುವುದು ಎಂಜಿನು ತನ್ನನ್ನೇ ತಿರುಗಿಸಿಕೊಳ್ಳಲು ವ್ಯಯಮಾಡುವ ಶಕ್ತಿ ಮಾತ್ರ: ಪಿಸ್ಟನ್ನು, ಬೇರಿಂಗುಗಳ ಘರ್ಷಣೆ, ಪಂಪುಗಳ ಚಾಲನೆ, ಗಾಳಿಯನ್ನು ಒಳಗೆಳೆದು ಹೊರದೂಡುವ ಶ್ರಮ. ಈ ಒಳನಷ್ಟವು ಎಂಜಿನಿನೊಳಗೆ ಉತ್ಪನ್ನವಾಗುವ ಶಕ್ತಿಯ ಕಾಲುಪಾಲೆಂದೂ ಸುತ್ತುಗಳೊಡನೆ ಸಮನಾಗಿ ಇಳಿಯುವುದೆಂದೂ ಎಣಿಸಿದರೆ, ಉಳಿತಾಯವು ಇಪ್ಪತ್ತೆಂಟರಲ್ಲಿ ಒಂದು ಪಾಲು, ಅಂದರೆ ಶೇಕಡ ಮೂರೂವರೆಯಷ್ಟು. ವಾಸ್ತವದಲ್ಲಿ ಘರ್ಷಣೆಯ ನಷ್ಟವು ಸುತ್ತುಗಳಿಗಿಂತ ತುಸು ಬೇಗನೆ ಇಳಿಯುವುದರಿಂದ ಲಾಭವು ಇನ್ನೂ ಸ್ವಲ್ಪ ಹೆಚ್ಚಬಹುದು.

ಈ ಲಾಭವೂ ಚಾಲಕನ ಕೈಯಲ್ಲಿದೆ. ಅವನು ಹಿಂದಿನ 2,130 ಸುತ್ತುಗಳನ್ನೇ ಇಟ್ಟುಕೊಂಡರೆ ಲಾರಿ 60ಕ್ಕೆ ಬದಲು 70 ಕಿಲೊಮೀಟರು ವೇಗದಲ್ಲಿ ಓಡುತ್ತದೆ. ಗಾಳಿಯ ಪ್ರತಿರೋಧವು ವೇಗದ ವರ್ಗವನ್ನು ಅನುಸರಿಸುವುದರಿಂದ ಅದು ಶೇಕಡ 36ರಷ್ಟು ಹೆಚ್ಚುತ್ತದೆ. ಆಗ ಉಳಿತಾಯದ ಮಾತೇ ಉಳಿಯುವುದಿಲ್ಲ.

ಇನ್ನು ಘಟ್ಟದ ಮಾತು. ಒಟ್ಟು 16 ಟನ್ ತೂಗುವ ಲಾರಿಯನ್ನು ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ ಉರುಳಿಸಲು, ಗಾಳಿಯ ತಡೆಯನ್ನು ಬಿಟ್ಟರೆ, ಸುಮಾರು 130 ಕಿಲೊಗ್ರಾಂ ಭಾರದಷ್ಟು ಎಳೆತ ಸಾಕು. ನೂರಕ್ಕೆ ಆರರ ಏರಿನಲ್ಲಿ ಇದಕ್ಕೆ 960 ಕಿಲೊಗ್ರಾಂ ಸೇರುತ್ತದೆ. ನಿಷ್ಪತ್ತಿ ಇಳಿದ ಲಾರಿಯಲ್ಲಿ ಪ್ರತಿಯೊಂದು ಗೇರಿನ ಎಳೆತವೂ ಏಳರಲ್ಲಿ ಒಂದು ಪಾಲು ಕುಗ್ಗಿರುತ್ತದೆ. ಆದಕಾರಣ ಹಿಂದೆ ಮೂರನೆಯ ಗೇರಿನಲ್ಲಿ ಏರುತ್ತಿದ್ದ ಕಡೆ ಎರಡನೆಯದಕ್ಕೆ ಇಳಿಯಬೇಕಾಗಬಹುದು. ಸುತ್ತುಗಳು ಮತ್ತೆ ಏರುತ್ತವೆ, ಉಳಿತಾಯ ಕರಗುತ್ತದೆ. ಮೊದಲನೆಯ ಗೇರಿಗಿಂತ ಕೆಳಗೆ ಇಳಿಯಲು ಸ್ಥಳವಿಲ್ಲ. ಕಡಿದಾದ ತಿರುವಿನಲ್ಲಿ ನಿಂತ ಲಾರಿಯನ್ನು ಪುನಃ ಹೊರಡಿಸುವಾಗ ಈ ಕೊರತೆಯ ಭಾರವನ್ನು ಕ್ಲಚ್ಚು ಹೊರಬೇಕಾಗುತ್ತದೆ. ಇಳಿಜಾರಿನಲ್ಲಿ ಅಪಾಯ ಇನ್ನೂ ಹೆಚ್ಚು. ಅದೇ ಗೇರಿನಲ್ಲಿ ಎಂಜಿನು ಕೊಡುವ ಹಿಡಿತವೂ ಏಳರಲ್ಲಿ ಒಂದು ಪಾಲಿಗಿಂತ ಕಡಿಮೆಯಿಲ್ಲದಂತೆ ತಗ್ಗಿರುವುದರಿಂದ, ಚಾಲಕನು ಮೊದಲೇ ಕೆಳಗಿನ ಗೇರಿಗೆ ಬಾರದಿದ್ದರೆ ಬ್ರೇಕುಗಳು ಕಾದು ಶಕ್ತಿಗುಂದುತ್ತವೆ. ಹಲವು ಲೀಟರು ಡೀಸೆಲಿನ ಉಳಿತಾಯವು ಅಂಥ ಒಂದು ಇಳಿತದ ಅಪಾಯಕ್ಕೆ ಸಮನಾಗದು.

ಫಲವನ್ನು ಅಳೆಯುವಲ್ಲಿಯೂ ಒಂದು ತೊಡಕುಂಟು. ಅನೇಕ ಲಾರಿಗಳಲ್ಲಿ ವೇಗಮಾಪಕವೂ ದೂರಮಾಪಕವೂ ಗೇರ್‌ಬಾಕ್ಸಿನ ಹಿಂಬದಿಯ ಸುತ್ತುಗಳನ್ನು ಎಣಿಸುತ್ತವೆ. ಅಚ್ಚನ್ನು ಬದಲಿಸಿ ಮಾಪಕವನ್ನು ಸರಿಪಡಿಸದೆ ಬಿಟ್ಟರೆ 7 ಕಿಲೊಮೀಟರು ಓಡಿದ ಲಾರಿ 6 ಎಂದು ತೋರಿಸುತ್ತದೆ. ಲೀಟರಿಗೆ ಇಷ್ಟು ಕಿಲೊಮೀಟರೆಂಬ ಲೆಕ್ಕದಲ್ಲಿ ನಿಜವಾದ ಲಾಭವೂ ನಷ್ಟದಂತೆ ಕಾಣುತ್ತದೆ. 70ರಲ್ಲಿ ಓಡುತ್ತಿರುವ ಚಾಲಕನಿಗೆ 60 ಎಂಬ ಭ್ರಮೆಯಾಗುತ್ತದೆ. ಆದುದರಿಂದ ದೂರವನ್ನು ಹೆದ್ದಾರಿಯ ಕಿಲೊಮೀಟರು ಕಲ್ಲುಗಳಿಂದಲೇ ಎಣಿಸಿ, ಒಂದೇ ಹೊರೆ, ಒಂದೇ ವೇಗದಲ್ಲಿ, ಟ್ಯಾಂಕನ್ನು ಪ್ರತಿಸಲವೂ ಕಂಠದವರೆಗೆ ತುಂಬಿ ಹೋಲಿಸಬೇಕು. ಟೈರಿನ ಅಳತೆ ಬದಲಾದರೂ ಇದೇ ಬಗೆಯ ವ್ಯತ್ಯಾಸ ಉಂಟಾಗುವುದರಿಂದ ಎರಡನ್ನೂ ಒಮ್ಮೆಗೇ ಬದಲಿಸಬಾರದು.

ಒಟ್ಟಿನಲ್ಲಿ, ವರ್ಷದ ಬಹುಪಾಲು ಹೆದ್ದಾರಿ 66ರಲ್ಲಿ ಟಾಪ್ ಗೇರಿನಲ್ಲಿಯೇ ಸಮವೇಗದಿಂದ ಓಡುವ ಲಾರಿಗೆ ಕಡಿಮೆ ನಿಷ್ಪತ್ತಿಯ ಅಚ್ಚು ಅನುಕೂಲ. ಟಾಪ್ ಗೇರಿಗೂ ಮೇಲಿನ ಓವರ್‌ಡ್ರೈವ್ ಗೇರು ಈಗಾಗಲೇ ಇದ್ದರೆ ಆ ಪ್ರಯೋಜನದ ಬಹುಭಾಗ ಅದರಿಂದಲೇ ದೊರೆತಿರುತ್ತದೆ. ಗೇರುಸೊಪ್ಪೆ ಅಥವಾ ದೇವಿಮನೆಯ ದಾರಿಯಲ್ಲಿ ತುಂಬಿದ ಹೊರೆಯೊಡನೆ ವಾರವಾರವೂ ಹತ್ತಿಳಿಯುವ ಲಾರಿಗೆ ಹೆಚ್ಚಿನ ನಿಷ್ಪತ್ತಿಯೇ ತಕ್ಕದ್ದು. ಒಂದೇ ಲಾರಿಯನ್ನು ನಂಬಿ ಜೀವಿಸುವ ಮಾಲೀಕನು ಹಣ ಹೂಡುವ ಮೊದಲು ತನ್ನ ಓಡಾಟದಲ್ಲಿ ಎಷ್ಟು ಪಾಲು ಕರಾವಳಿಯದು, ಎಷ್ಟು ಪಾಲು ಘಟ್ಟದ್ದು ಎಂಬುದನ್ನು ಬರೆದಿಟ್ಟು ನೋಡುವುದು ವಿಹಿತವೆಂದು ನಮ್ಮ ಅಭಿಪ್ರಾಯ.